ಎಸ್ಸೆಸ್ಸೆಲ್ಸಿ ಕಟ್ಟುವವರು



ಶಾಲೆ ಬಿಟ್ಟು ಹತ್ತಿಪ್ಪತ್ತು ವರ್ಷವಾದ ಮೇಲೆ ಎಸ್ಸೆಸ್ಸೆಲ್ಸಿಗೆ ಕಟ್ಟುವವರ ಬಗ್ಗೆ ಇವತ್ತು ನಾಲ್ಕು ಮಾತು. ನಾನಿರುವುದು ಬೆಂಗಳೂರಿನ ಲಗ್ಗೆರೆಯಲ್ಲಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು. ನಿವೃತ್ತಿಯಾದ ಮೇಲೆ ಮನೆಯ ಮಹಡಿಯಲ್ಲಿ ಸಂಜೆ ಹೊತ್ತು ಇಂಥವರಿಗೆ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳಿಗೆ ನಮ್ಮಲ್ಲಿ ಬರವಿಲ್ಲ. ಒಂದು ಕಡೆ ಪೀಣ್ಯ, ಇನ್ನೊಂದು ಕಡೆ ರಾಜಗೋಪಾಲನಗರ, ಹೆಗ್ಗನಹಳ್ಳಿ. ಗಲ್ಲಿಗೊಂದು ಲೇತ್ ಶೆಡ್ಡು, ರಸ್ತೆಗೊಂದು ಗಾರ್ಮೆಂಟ್ಸು. ಮೊದಲು ತುಮಕೂರು, ಮಂಡ್ಯದವರು ಬಂದು ನೆಲೆಸಿದರು. ಆಮೇಲೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು. ಬೆಳಗ್ಗೆ ಎಂಟಕ್ಕೆ ಲಗ್ಗೆರೆ ಬ್ರಿಡ್ಜ್ ಹತ್ತಿರ ನಿಂತರೆ ಊಟದ ಬ್ಯಾಗು ಹೆಗಲಿಗೆ ಹಾಕಿಕೊಂಡು ಸರಸರನೆ ಹೆಜ್ಜೆ ಹಾಕುವ ಹೆಣ್ಣುಮಕ್ಕಳ ಸಾಲು ಮುಗಿಯುವುದೇ ಇಲ್ಲ. ಅವರಲ್ಲಿ ಏಳಕ್ಕೋ ಎಂಟಕ್ಕೋ ಒಂಬತ್ತಕ್ಕೋ ಶಾಲೆ ಬಿಟ್ಟವರು ಬಹಳ.

ಯಾಕೆ ಬಿಟ್ಟಿರಿ ಎಂದು ಕೇಳುವುದನ್ನು ನಾನು ನಿಲ್ಲಿಸಿದ್ದೇನೆ. ಉತ್ತರಗಳು ನನಗೆ ಬಾಯಿಪಾಠ. ಹೈಸ್ಕೂಲು ಪಕ್ಕದೂರಿನಲ್ಲಿತ್ತು, ಬಸ್ಸಿರಲಿಲ್ಲ. ತಮ್ಮನನ್ನು ನೋಡಿಕೊಳ್ಳಬೇಕಿತ್ತು. ಅಪ್ಪ ಹೋಗಿಬಿಟ್ಟರು. ಮದುವೆಗೆ ಗಂಡು ಗೊತ್ತಾಯಿತು. ಫೇಲಾಗಿ ಬಿಟ್ಟವರಿಗಿಂತ ಮನೆಯವರು ಬಿಡಿಸಿದ್ದಕ್ಕೆ ಬಿಟ್ಟವರೇ ಹೆಚ್ಚು. 2010ರ ಏಪ್ರಿಲ್‌ನಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತಲ್ಲ, ಅದರ ಕೈ ಚಾಚುವುದೂ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಎಂಟನೇ ತರಗತಿಯವರೆಗೆ. ಅಲ್ಲಿಂದ ಮುಂದಿನ ಎರಡೇ ಎರಡು ವರ್ಷ ಯಾರ ಹಕ್ಕಿನ ಪಟ್ಟಿಯಲ್ಲೂ ಇಲ್ಲ. ಕೆಲಸ ಕೊಡುವವರು ಕೇಳುವುದು ಮಾತ್ರ ಆ ಎರಡು ವರ್ಷದ ಕಾಗದವನ್ನೇ.

ಎಲ್ಲರೂ ಜ್ಞಾನದಾಹದಿಂದ ಬರುತ್ತಾರೆ ಎಂದು ಬಾನುಲಿಯಲ್ಲಿ ಹೇಳಿದರೆ ಚೆನ್ನಾಗಿ ಕೇಳಿಸೀತು. ಆದರೆ ಅವರು ಬರುವುದು ಮಾರ್ಕ್ಸ್ ಕಾರ್ಡಿಗೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಂಡಿಲ್ಲ. ಸಾರಿಗೆ ನಿಗಮದ ಚಾಲಕ ಹುದ್ದೆಗೆ ಎಸ್ಸೆಸ್ಸೆಲ್ಸಿ ಬೇಕು. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕರ ಕೆಲಸಕ್ಕೆ ಹತ್ತನೇ ತರಗತಿಯ ಅಂಕಗಳ ಮೇಲೇ ಆಯ್ಕೆ. ಅಂಗನವಾಡಿ ಸಹಾಯಕಿಗೂ ಈಗ ಹತ್ತನೇ ತರಗತಿ ಪಾಸಾಗಿರಬೇಕು. ಹತ್ತು ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇ.ಸಿ.ಆರ್. ಗುರುತು ಬೀಳುತ್ತದೆ; ಅಂದರೆ ಗಲ್ಫ್ ಮುಂತಾದ ಕಡೆ ದುಡಿಯಲು ಹೋಗುವ ಮುಂಚೆ ವಲಸೆ ಇಲಾಖೆಯ ಅನುಮತಿ ಬೇರೆ ತರಬೇಕು. ವೆಲ್ಡಿಂಗ್ ಬಲ್ಲ ಹುಡುಗನೊಬ್ಬ ಎಸ್ಸೆಸ್ಸೆಲ್ಸಿ ಕಟ್ಟಿದ್ದು ಇದೊಂದೇ ಕಾರಣಕ್ಕೆ.

ಇನ್ನು ಹುಟ್ಟಿದ ದಿನದ ಸಮಸ್ಯೆ. ನನ್ನ ಹಾಜರಿ ಪುಸ್ತಕ ನೋಡಿದರೆ ಅರ್ಧ ಲಗ್ಗೆರೆ ಜೂನ್ ಒಂದರಂದು ಹುಟ್ಟಿದೆ, ಉಳಿದರ್ಧ ಜನವರಿ ಒಂದರಂದು. ಒಂದನೇ ಕ್ಲಾಸಿಗೆ ಸೇರಿಸುವಾಗ ಊರಿನ ಹೆಡ್‌ಮಾಸ್ಟರು ಬರೆದ ತಾರೀಖು ಒಂದು, ಆಧಾರ್ ಮಾಡಿಸುವಾಗ ಬಾಯಿಗೆ ಬಂದದ್ದು ಇನ್ನೊಂದು. 2024ರ ಜನವರಿಯಲ್ಲಿ ಭವಿಷ್ಯ ನಿಧಿ ಸಂಸ್ಥೆಯು ಜನ್ಮದಿನಾಂಕಕ್ಕೆ ಆಧಾರ್ ಪುರಾವೆಯಲ್ಲ ಎಂದು ಸುತ್ತೋಲೆ ಹೊರಡಿಸಿದಾಗ, ಹುಟ್ಟಿದ ತಾರೀಖಿರುವ ಮಾರ್ಕ್ಸ್ ಕಾರ್ಡಿಗಾಗಿ ನಮ್ಮ ಮಹಡಿಯ ಮೇಲೆ ಜನ ಹೆಚ್ಚಾದರು. ವರ್ಷಗಟ್ಟಲೆ ಸಂಬಳದಲ್ಲಿ ಹಿಡಿದ ಪಿ.ಎಫ್. ಹಣ ತೆಗೆಯಲು ಜನನ ಪ್ರಮಾಣಪತ್ರ ಇಲ್ಲ, ಶಾಲೆಯ ಕಾಗದವೂ ಇಲ್ಲ ಎಂದಾಗ ಬೀಜಗಣಿತದ ಹೆದರಿಕೆ ಸಣ್ಣದಾಗಿ ಕಾಣುತ್ತದೆ.

ಪರೀಕ್ಷೆಗೆ ದಾರಿ ಎರಡು. ಮೊದಲನೆಯದು ನಮ್ಮ ರಾಜ್ಯದ್ದೇ: ಮಲ್ಲೇಶ್ವರದ ಆರನೇ ಕ್ರಾಸಿನಲ್ಲಿರುವ ಮಂಡಳಿ. 1966ರಲ್ಲಿ ಶುರುವಾದಾಗ ಅದು ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ, ಪಿ.ಯು. ಪರೀಕ್ಷೆಯನ್ನೂ ಸೇರಿಸಿಕೊಂಡ ಮೇಲೆ ಈಗ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಇಲ್ಲಿ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ವಯಸ್ಸಿಗೆ ಮೇಲ್ಮಿತಿ ಇಲ್ಲ. ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಆರೂ ಬರೆಯಬೇಕು. ಒಟ್ಟು 625 ಅಂಕ. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಕಟ್ಟಿದರಾಯಿತು, ಪಾಸಾದದ್ದು ಪಾಸೇ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆಸಲು ಶುರುಮಾಡಿದರು, ಒಂದು, ಎರಡು, ಮೂರು ಎಂದೇ ಹೆಸರಿಟ್ಟರು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಪಾಸಿನ ಗೆರೆಯನ್ನೂ ಇಳಿಸಿತು: ಒಂದೊಂದು ವಿಷಯದಲ್ಲಿ ಶೇಕಡ 30, ಒಟ್ಟಾರೆ ಶೇಕಡ 33, ಅಂದರೆ 625ಕ್ಕೆ 206. ಮಟ್ಟ ಇಳಿಯಿತು ಎಂದು ಪತ್ರಿಕೆಗಳಲ್ಲಿ ಗೊಣಗಿದವರು ಉಂಟು. ಗೊಣಗಿದವರ ಮನೆಯಲ್ಲಿ ಪಾಸಾಗದವರು ಯಾರೂ ಇರಲಿಕ್ಕಿಲ್ಲ.

ಎರಡನೆಯದು ಕೇಂದ್ರದ್ದು, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಒಎಸ್. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಹುಟ್ಟಿ 1989ರಲ್ಲಿ ಬೇರೆಯಾದದ್ದು. ಇಲ್ಲಿ ಐದು ವಿಷಯ ಸಾಕು, ಒಂದು ಭಾಷೆಯಾದರೂ ಇರಬೇಕು. ಗಣಿತ ಕಡ್ಡಾಯವಲ್ಲ! ಗಣಿತದ ಮೇಷ್ಟ್ರಾದ ನಾನೇ ಇದನ್ನು ಹೇಳಬೇಕಾಗಿ ಬಂದದ್ದು ವಿಧಿ. ಐದು ವರ್ಷದೊಳಗೆ, ಒಂದೊಂದಾಗಿ ಬೇಕಾದರೂ ವಿಷಯ ಮುಗಿಸಬಹುದು. ಇದೇ ಸುಲಭ ಎಂದು ಕಣ್ಣುಮುಚ್ಚಿ ಹೋಗುವವರಿಗೆ ಒಂದು ಮಾತು: ಮುಂದೆ ಐ.ಟಿ.ಐ.ನಲ್ಲಿ ಫಿಟ್ಟರ್, ಟರ್ನರ್ ಓದುವ ಆಸೆ ಇದ್ದರೆ, ಅಂಚೆಯ ಕೆಲಸಕ್ಕೆ ಹಾಕುವುದಿದ್ದರೆ, ಹತ್ತರಲ್ಲಿ ಗಣಿತ ಇತ್ತೇ ಎಂದು ಅಲ್ಲಿ ಕೇಳುತ್ತಾರೆ. ಇವತ್ತು ತಪ್ಪಿಸಿಕೊಂಡ ಗಣಿತ ಅವತ್ತು ಬಾಗಿಲಲ್ಲಿ ಕಾದಿರುತ್ತದೆ.

ಮೂರನೆಯ ದಾರಿಯೊಂದು ಕರೆಂಟ್ ಕಂಬಗಳ ಮೇಲೆ ಇದೆ. 'ಡೈರೆಕ್ಟ್ ಟೆಂತ್, ಒಂದೇ ತಿಂಗಳಲ್ಲಿ ಪಾಸ್, ಹಾಜರಿ ಬೇಡ' ಅಂತ ಒಂದು ಫೋನ್ ನಂಬರು. ಕೇಳಿರದ ಯಾವುದೋ ರಾಜ್ಯದ, ಇಲ್ಲದ ಬೋರ್ಡಿನ ಹೊಳೆಯುವ ಕಾರ್ಡು ಕೊಡುತ್ತಾರೆ. ಹಣ ಹೋಗುವುದು ಹಾಗಿರಲಿ, ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಇರುವ ಕೆಲಸವೂ ಹೋಗಿ ಮೇಲೊಂದು ಕೇಸು. ಆ ನಂಬರಿಗೆ ದಯವಿಟ್ಟು ಫೋನ್ ಮಾಡಬೇಡಿ.

ಹೊರಗಿನ ಕೆಲವು ಕಡೆ ಇಂಥವರಿಗೆಂದೇ ಬೇರೆ ಪರೀಕ್ಷೆಯುಂಟು. ಅಮೆರಿಕದಲ್ಲಿ ಜಿ.ಇ.ಡಿ. ಎಂಬುದು 1942ರಲ್ಲಿ ಬಂತು, ಮಹಾಯುದ್ಧಕ್ಕೆಂದು ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟ ಸೈನಿಕರಿಗಾಗಿ. ಅವರನ್ನು ಮತ್ತೆ ಹದಿನಾರರ ಹುಡುಗರ ಪಕ್ಕದಲ್ಲಿ ಬೆಂಚಿಗೆ ಕೂರಿಸುವಂತಿರಲಿಲ್ಲ. ಶಾಲೆಯ ಹೊರಗೆ ಕಲಿತದ್ದನ್ನೂ ಅಳೆದು ಲೆಕ್ಕಕ್ಕೆ ತೆಗೆದುಕೊಳ್ಳೋಣ ಎಂಬ ಯೋಚನೆ ಅದರ ಬೇರಿನಲ್ಲೇ ಇತ್ತು. 1947ರಲ್ಲಿ ನ್ಯೂಯಾರ್ಕ್ ರಾಜ್ಯ ಅದನ್ನು ಸಾಮಾನ್ಯ ಜನರಿಗೂ ತೆರೆಯಿತು. ಪಕ್ಕದ ಕೇರಳದಲ್ಲಿ ಸಾಕ್ಷರತಾ ಮಿಷನ್ನು ನಾಲ್ಕು, ಏಳು, ಹತ್ತಕ್ಕೆ ಸಮಾನವಾದ ಪರೀಕ್ಷೆಗಳನ್ನು ನಡೆಸುತ್ತದೆ. ಕೊಲ್ಲಂ ಜಿಲ್ಲೆಯ ಭಾಗೀರಥಿ ಅಮ್ಮ ನಾಲ್ಕನೆಯದಕ್ಕೆ ಸಮಾನವಾದದ್ದನ್ನು ಪಾಸು ಮಾಡಿದಾಗ ಅವರಿಗೆ 105 ವರ್ಷ. ದೊಡ್ಡವರೂ ಈ ಸಾಲಿನಲ್ಲಿ ನಿಂತದ್ದುಂಟು: ಹರಿಯಾಣದ ಮುಖ್ಯಮಂತ್ರಿಯಾಗಿದ್ದ ಓಂಪ್ರಕಾಶ್ ಚೌತಾಲ 2021ರಲ್ಲಿ, 86ನೇ ವಯಸ್ಸಿನಲ್ಲಿ, ಹತ್ತನೇ ತರಗತಿಯ ಇಂಗ್ಲಿಷ್ ಪತ್ರಿಕೆಗೆ ಕೂತರು. ಅದು ಬಾಕಿ ಇದೆಯೆಂದು ಅವರ ಹನ್ನೆರಡನೇ ತರಗತಿಯ ಫಲಿತಾಂಶವನ್ನೇ ತಡೆಹಿಡಿದಿದ್ದರು. ನೂರಕ್ಕೆ 88 ಬಂತು.

ನಮ್ಮಲ್ಲಿ ಖಾಸಗಿಯಾಗಿ ಕಟ್ಟುವವರಿಗೆ ಹಾಗೆ ಬೇರೆ ಪುಸ್ತಕ, ಬೇರೆ ಪಾಠ ಇಲ್ಲ. ಎರಡು ಮಕ್ಕಳ ತಾಯಿಯೂ ಹದಿನೈದರ ಹುಡುಗಿ ಓದುವ ಪಾಠವನ್ನೇ ಓದಬೇಕು. ಇದು ಸರಿಯಲ್ಲ, ವಯಸ್ಕರಿಗೆ ಅವರ ಬದುಕಿಗೆ ಹೊಂದುವ ಪಠ್ಯ ಬೇಕು ಎಂದು ನಾನೂ ಬಹಳ ಕಾಲ ವಾದಿಸುತ್ತಿದ್ದೆ. ನನ್ನ ವಿದ್ಯಾರ್ಥಿಗಳಿಗೇ ಅದು ಬೇಡ. "ಬೇರೆ ಪರೀಕ್ಷೆ ಅಂದ್ರೆ ಬೇರೆ ಕಾರ್ಡ್ ಕೊಡ್ತಾರೆ ಸಾರ್. ಅದನ್ನ ನೋಡಿದ ತಕ್ಷಣ ಎಚ್.ಆರ್.ನವ್ರು 'ಇದೇನಮ್ಮ ಇದು' ಅಂತಾರೆ. ನಮಗೆ ಎಲ್ಲರಿಗೂ ಕೊಡೋದೇ ಸಾಕು" ಎಂದು ಚೆಕ್ಕಿಂಗ್ ವಿಭಾಗದ ಹೆಣ್ಣುಮಗಳೊಬ್ಬಳು ಹೇಳಿದ ಮೇಲೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕಾರ್ಡು ಒಂದೇ ಇರಲಿ, ಒಪ್ಪಿದೆ.

ಕಾರ್ಡು ಒಂದೇ ಆದರೂ ಪರೀಕ್ಷೆ ಒಂದೇ ಅಲ್ಲ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಶಾಲೆಯ ಮಗುವಿಗೆ ಗಣಿತದ ಪ್ರಶ್ನೆಪತ್ರಿಕೆ 80 ಅಂಕಕ್ಕೆ. ಉಳಿದ 20 ಆಂತರಿಕ ಮೌಲ್ಯಮಾಪನದ್ದು. ವರ್ಷವಿಡೀ ಮಾಡಿದ ಚಟುವಟಿಕೆ, ಕಿರುಪರೀಕ್ಷೆಗೆ ಶಾಲೆಯೇ ಕೊಡುವುದು. ಅದನ್ನು ಕೊಡುವಾಗ ನಮ್ಮ ಮೇಷ್ಟ್ರುಗಳ ಕೈ ಎಷ್ಟು ಧಾರಾಳ ಎಂಬುದು ಮೇಷ್ಟ್ರಾಗಿದ್ದ ನನಗೆ ತಿಳಿಯದ ಸಂಗತಿಯಲ್ಲ. ಖಾಸಗಿ ಅಭ್ಯರ್ಥಿಗೆ ಶಾಲೆ ಇಲ್ಲ, ಹಾಗಾಗಿ ಆ ಇಪ್ಪತ್ತೂ ಇಲ್ಲ. ಅವರ ಪತ್ರಿಕೆಯೇ ಬೇರೆ, ನೂರು ಅಂಕಕ್ಕೆ. ಸಮಯ ಮಾತ್ರ ಅದೇ ಮೂರೂಕಾಲು ಗಂಟೆ. ಪೆನ್ನು ಹಿಡಿದು ಅಭ್ಯಾಸವಿರುವ ಮಗು ಕಡಿಮೆ ಬರೆಯುತ್ತದೆ, ಅಭ್ಯಾಸ ತಪ್ಪಿದವರು ಹೆಚ್ಚು ಬರೆಯಬೇಕು. ಫಲಿತಾಂಶ ಬಂದಾಗ ಪತ್ರಿಕೆಯವರು ಯಾವ ಜಿಲ್ಲೆ ಫಸ್ಟು ಎಂದು ನೋಡುತ್ತಾರೆ. ನಾನು ಖಾಸಗಿಯವರ ಸಾಲು ನೋಡುತ್ತೇನೆ. ಅದು ಪ್ರತಿ ಸಲ ಪಾತಾಳದಲ್ಲೇ ಇರುತ್ತದೆ. ದಡ್ಡರೆಂದು ಅಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೆ ಆ ಕೆಲಸದ ಲೆಕ್ಕದಲ್ಲೇ ಇಪ್ಪತ್ತು ಅಂಕ ಅಳೆಯುವ ದಾರಿಯೊಂದನ್ನು ಮಂಡಳಿ ಹುಡುಕಬೇಕು. ಆಗದ ಮಾತು ಎನ್ನಬೇಡಿ. ಆಗುತ್ತದೆ ಎಂಬುದಕ್ಕೆ ನಮ್ಮ ಮಹಡಿಯದೇ ಎರಡು ಸಂಗತಿ ಹೇಳುತ್ತೇನೆ.

ಒಬ್ಬ ಟರ್ನರ್ ಬರುತ್ತಿದ್ದರು. ಒಂಬತ್ತಕ್ಕೆ ಬಿಟ್ಟು ಲೇತ್ ಹಿಡಿದವರು. ತ್ರಿಕೋನಮಿತಿ ಪಾಠ ಬಂದಾಗ ಸೈನು, ಕಾಸು, ಟ್ಯಾನು ಎಂದದ್ದೇ ಪುಸ್ತಕ ಮುಚ್ಚಿದರು. "ಇದು ನಮ್ಮಂಥೋರಿಗಲ್ಲ ಬಿಡಿ ಮೇಷ್ಟ್ರೇ." ಒಂದು ತುದಿಗೆ ಸಣ್ಣಗಾಗೋ ಹಾಗೆ ಟೇಪರ್ ಹೊಡೀತೀರಲ್ಲ, ಲೇತಿನ ಕಾಂಪೌಂಡ್ ಸ್ಲೈಡನ್ನ ಎಷ್ಟು ಡಿಗ್ರಿಗೆ ತಿರುಗಿಸಬೇಕು ಅಂತ ಹೇಗೆ ಗೊತ್ತಾಗುತ್ತೆ ಎಂದು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ದೊಡ್ಡ ವ್ಯಾಸದಲ್ಲಿ ಚಿಕ್ಕ ವ್ಯಾಸ ಕಳೆ, ಉದ್ದದಿಂದ ಭಾಗಿಸು, 28.65ರಿಂದ ಗುಣಿಸು. ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟದ್ದಂತೆ. ಆ 28.65 ಎಲ್ಲಿಂದ ಬಂತು? ಅದು ಮೇಸ್ತ್ರಿಗೂ ಗೊತ್ತಿರಲಿಲ್ಲ.

ಬೋರ್ಡಿನ ಮೇಲೆ ಬರೆದೆವು. ಒಂದು ತುದಿ 40 ಮಿಲಿಮೀಟರ್, ಇನ್ನೊಂದು ತುದಿ 30, ಉದ್ದ 50. ಅವರ ಲೆಕ್ಕದಲ್ಲಿ ಹತ್ತನ್ನು ಐವತ್ತರಿಂದ ಭಾಗಿಸಿದರೆ 0.2, ಗುಣಿಸಿದರೆ 5.73 ಡಿಗ್ರಿ. ಈಗ ಆ ಟೇಪರನ್ನೇ ನಡುವೆ ಸೀಳಿ ಅರ್ಧ ಮಾತ್ರ ನೋಡಿದೆವು. ಲಂಬಕೋನ ತ್ರಿಭುಜ ತಾನಾಗಿ ಬಂತು: ಎದುರು ಬಾಹು 5, ಪಕ್ಕದ ಬಾಹು 50. ಐದನ್ನು ಐವತ್ತರಿಂದ ಭಾಗಿಸಿದರೆ 0.1, ಅದೇ ಟ್ಯಾನ್. ಕೋಷ್ಟಕದಲ್ಲಿ ಅದರ ಕೋನ 5.71 ಡಿಗ್ರಿ. ಚಿಕ್ಕ ಕೋನಕ್ಕೆ ಟ್ಯಾನೂ ರೇಡಿಯನ್ನೂ ಹೆಚ್ಚುಕಡಿಮೆ ಒಂದೇ. ಒಂದು ರೇಡಿಯನ್ 57.3 ಡಿಗ್ರಿ, ಅರ್ಧ ಟೇಪರ್ ಆದ್ದರಿಂದ ಅದರರ್ಧ 28.65. ಅವರು ಬೋರ್ಡನ್ನು ಸುಮ್ಮನೆ ನೋಡಿದರು. ಆಮೇಲೆ ಕೇಳಿದ್ದು: "ಹಂಗಾದ್ರೆ ಕೋನ ಜಾಸ್ತಿ ಆದ್ರೆ ನಮ್ ಲೆಕ್ಕ ತಪ್ಪುತ್ತೆ ಅಲ್ವಾ?" ಹೌದು, ತಪ್ಪುತ್ತದೆ. ನಲವತ್ತು ಡಿಗ್ರಿಯ ಜಾಬ್ ಬಂದಾಗಲೆಲ್ಲ ಮೂರು ಸಲ ಸೆಟ್ ಮಾಡಬೇಕಾಗುತ್ತಿದ್ದದ್ದು ಯಾಕೆಂದು ಅವರಿಗೆ ಅವತ್ತು ಗೊತ್ತಾಯಿತು. ಹೈಸ್ಕೂಲಿನ ಮಕ್ಕಳಲ್ಲಿ ಈ ಪ್ರಶ್ನೆಯನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ.

ಇನ್ನೊಬ್ಬರು ರಾಯಚೂರು ಕಡೆಯವರು, ಗಾರ್ಮೆಂಟ್ಸಿನಲ್ಲಿ ಟೈಲರ್. ಲೈನಿನ ಕೊನೆಯಲ್ಲಿ ಒಂದು ಬೋರ್ಡು ನೇತುಹಾಕಿ ತಾಸು ತಾಸಿಗೆ ಎಷ್ಟು ಪೀಸ್ ಬಂತು ಎಂದು ಬರೆಯುತ್ತಾರೆ. ಸಂಖ್ಯಾಶಾಸ್ತ್ರದ ಪಾಠಕ್ಕೆ ನಾವು ಪುಸ್ತಕದ ಉದಾಹರಣೆ ಬಿಟ್ಟು ಆ ಬೋರ್ಡಿನ ಅಂಕಿಗಳನ್ನೇ ತೆಗೆದುಕೊಂಡೆವು. ಸರಾಸರಿ, ಮಧ್ಯಾಂಕ, ಬಹುಲಕ ಮೂರನ್ನೂ ಮಾಡಿದ ಮೇಲೆ ಅವರು ಹೇಳಿದರು: "ಊಟ ಆದ ಮ್ಯಾಲಿನ ತಾಸಿನ್ಯಾಗ ಪೀಸ್ ಕಡಿಮಿ ಬರ್ತಾವ್ರಿ ಸರ. ಅದೊಂದ್ ತಾಸಿಗೆ ಇಡೀ ದಿನದ ಸರಾಸರಿ ಬೀಳ್ತೈತಿ, ಸೂಪರ್‌ವೈಸರ್ ಬೈತಾರ. ಮಧ್ಯಾಂಕ ತಗದ್ರ ನಮಗ ನ್ಯಾಯ ಆಗ್ತೈತಿ ನೋಡ್ರಿ." ಪಠ್ಯಪುಸ್ತಕ ಒಂದಿಡೀ ಪುಟ ತೆಗೆದುಕೊಂಡು ಹೇಳುವುದು ಇದನ್ನೇ.

ಹಾಗೆಂದು ಎಲ್ಲ ಪಾಠವೂ ಕಾರ್ಖಾನೆಯಲ್ಲಿ ಸಿಗುವುದಿಲ್ಲ. ಹಿಂದಿಯನ್ನು ಬಿಹಾರದ ಸಹೋದ್ಯೋಗಿಗಳ ಜೊತೆ ಸಲೀಸಾಗಿ ಮಾತಾಡುವವರೂ ಅದನ್ನು ಬರೆಯುವಾಗ ಬೆವರುತ್ತಾರೆ. ಕನ್ನಡ ನಮ್ಮದೇ ತಾನೆ ಎಂದು ಪುಸ್ತಕ ತೆರೆಯದವರು ಹಳಗನ್ನಡ ಪದ್ಯದ ಮುಂದೆ ಹೋಗಿ ನಿಲ್ಲುತ್ತಾರೆ. ಲಘು, ಗುರು, ಪ್ರಸ್ತಾರ ಯಾವುದೂ ನೆನಪಿರುವುದಿಲ್ಲ. ಅದು 125 ಅಂಕದ ಪತ್ರಿಕೆ, ಅಸಡ್ಡೆ ಮಾಡಬೇಡಿ. ಎಲ್ಲಕ್ಕಿಂತ ಕಷ್ಟ ಬರೆಯುವ ಕೈಯದು. ದಿನವಿಡೀ ಸೂಜಿಯ ಕೆಳಗೆ ಬಟ್ಟೆ ತಳ್ಳುವ ಕೈ ದಣಿಯದು. ಅದೇ ಕೈ ಪೆನ್ನು ಹಿಡಿದರೆ ಅರ್ಧ ಗಂಟೆಗೆ ಹೆಬ್ಬೆರಳಿನ ಬುಡ ಸೆಟೆದುಕೊಳ್ಳುತ್ತದೆ. ಅದಕ್ಕೇ ಡಿಸೆಂಬರ್‌ನಿಂದ ನಮ್ಮಲ್ಲಿ ಪಾಠಕ್ಕಿಂತ ನಕಲು ಬರೆಯುವುದೇ ಜಾಸ್ತಿ. ಏನಾದರೂ ಸರಿ, ದಿನಾ ಬರೆಯಬೇಕು. ದಿನಸಿ ಚೀಟಿಯಾದರೂ ಪೂರ್ತಿ ವಾಕ್ಯದಲ್ಲಿ.

ಅರ್ಜಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಾರ್ಚಿನ ಪರೀಕ್ಷೆಗೆ ಫೆಬ್ರವರಿಯಲ್ಲಿ ಹೋಗಿ ಕೇಳಿದರೆ ಆಗುವುದಿಲ್ಲ. ಹಲವು ತಿಂಗಳು ಮೊದಲೇ ಅರ್ಜಿಯ ದಿನ ಮುಗಿದಿರುತ್ತದೆ. ಶಾಲೆ ಶುರುವಾಗುವ ಜೂನ್‌ನಿಂದಲೇ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಹೋಗಿ ಮುಖ್ಯ ಶಿಕ್ಷಕರನ್ನು ಕೇಳಿ, ಮಂಡಳಿಯ ಜಾಲತಾಣ ನೋಡುತ್ತಿರಿ. ಊರಿಗೆ ಹೋದಾಗ ಓದಿದ ಶಾಲೆಯಿಂದ ಟಿ.ಸಿ. ತಂದಿಟ್ಟುಕೊಳ್ಳಿ. ಅದರಲ್ಲಿರುವ ಹೆಸರು, ಇನಿಷಿಯಲ್, ಹುಟ್ಟಿದ ತಾರೀಖು ಆಧಾರಿಗೆ ಹೊಂದುತ್ತದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಕಾರ್ಡಿನಲ್ಲಿ ಅಚ್ಚಾದ ಮೇಲೆ ಓಡಾಡುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ರಜೆಯ ಮಾತು. ಇದನ್ನು ಪೀಣ್ಯದ ಮಾಲೀಕರು ಯಾರಾದರೂ ಕೇಳುತ್ತಿದ್ದರೆ ಅವರಿಗೆ. ಕಾಯ್ದೆಯ ಲೆಕ್ಕದಲ್ಲಿ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನ ಸಂಬಳ ಸಹಿತ ರಜೆ. ಆರು ಪತ್ರಿಕೆ ಎಂದರೆ ಆರು ರಜೆ, ಅಂದರೆ 120 ದಿನದ ದುಡಿಮೆಯ ಗಳಿಕೆ. ಮಗುವಿಗೆ ಜ್ವರ ಬಂದಾಗ, ಊರಿನಲ್ಲಿ ಸಾವಾದಾಗ, ಜಾತ್ರೆಗೆ ಅದರಲ್ಲೇ ತೆಗೆಯಬೇಕು. ಓದಿ ತಯಾರಾದವರು ಮೂರು ಪತ್ರಿಕೆ ಬರೆದು, ನಾಲ್ಕನೆಯದಕ್ಕೆ ರಜೆ ಸಿಗದೆ ಹಾಲ್ ಟಿಕೆಟ್ ಬ್ಯಾಗಿನಲ್ಲಿಟ್ಟುಕೊಂಡು ಮಶೀನಿನ ಮುಂದೆ ಕೂತದ್ದನ್ನು ಕಂಡಿದ್ದೇನೆ. ಫಲಿತಾಂಶದಲ್ಲಿ ಅದು ಫೇಲ್ ಎಂದೇ ಬರುತ್ತದೆ.

ಒಂದು ಸಣ್ಣ ಫ್ಯಾಕ್ಟರಿಯ ಮಾಲೀಕರ ಹತ್ತಿರ ಇದನ್ನೇ ಹೇಳಲು ಹೋಗಿದ್ದೆ. "ಓದಿದ ಮೇಲೆ ನಮ್ಮಲ್ಲೇ ಇರ್ತಾರಾ ಮೇಷ್ಟ್ರೇ?" ಎಂದರು. ನ್ಯಾಯವಾದ ಪ್ರಶ್ನೆ. ಕೆಲವರು ಇರುವುದಿಲ್ಲ ಎಂದೆ. ಅವರು ನಕ್ಕು ವೇಳಾಪಟ್ಟಿ ಕೇಳಿದರು. ನೋಡಿ ಹೇಳಿದ್ದು ಅವರೇ: ಪರೀಕ್ಷೆ ಬೆಳಗ್ಗೆ ಹತ್ತಕ್ಕೆ ಶುರು, ಒಂದೂಕಾಲಕ್ಕೆ ಮುಗಿಯುತ್ತದೆ, ತಮ್ಮಲ್ಲಿ ಸೆಕೆಂಡ್ ಶಿಫ್ಟ್ ಎರಡು ಗಂಟೆಗೆ. ಆ ಎರಡು ವಾರ ಪರೀಕ್ಷೆ ಬರೆಯುವವರಿಗೆ ಸೆಕೆಂಡ್ ಶಿಫ್ಟ್ ಹಾಕಿದರೆ ರಜೆಯೇ ಬೇಕಾಗುವುದಿಲ್ಲವಲ್ಲ. ಪಾಳಿಯಲ್ಲಿ ನಡೆಯುವ ಮಶೀನ್ ಶಾಪುಗಳಲ್ಲೆಲ್ಲ ಇದು ಸಾಧ್ಯ, ಖರ್ಚಿಲ್ಲದ ಕೆಲಸ. ಜನರಲ್ ಶಿಫ್ಟ್ ಮಾತ್ರ ಇರುವ ಗಾರ್ಮೆಂಟ್ಸಿನವರಿಗೆ ಅರ್ಧ ದಿನ ಬಿಡುವುದೊಂದೇ ದಾರಿ. ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಬಂದ ದಿನವೇ ಅದರ ಪ್ರತಿಯೊಂದನ್ನು ನಿಮ್ಮ ಸೂಪರ್‌ವೈಸರ್ ಕೈಗೆ ಕೊಟ್ಟು, ಇನ್ನೊಂದರ ಮೇಲೆ ಅವರ ಸಹಿ ಹಾಕಿಸಿಟ್ಟುಕೊಳ್ಳಿ.